ಸರ್ವರ್‌ಗೆ ಕೊನೆಯ ಕುಂಕುಮ

೨೬ ಸೆಪ್ಟೆಂಬರ್ ೨೦೧೩, ಗುರುವಾರ

ಇಷ್ಟು ದಿನ ಕೂತು ಮಾಡಿದ ಪ್ಲಾನು ಇವತ್ತು ಒಂದೇ ಮಾತಿಗೆ ಬಿದ್ದುಹೋಯಿತು. ಆದರೂ ಯಾಕೋ ಬೇಜಾರಿಲ್ಲ.

ಜಾಲಹಳ್ಳಿಯ ಕಾರ್ಖಾನೆಯ ಮೇಲ್‌ಗಳನ್ನೆಲ್ಲ ಅವರ ಹಳೆಯ ಸರ್ವರ್‌ನಿಂದ ಕ್ಲೌಡ್‌ಗೆ ಸಾಗಿಸಬೇಕು. ಹೇಗೂ ರಜೆ, ಯಾರಿಗೂ ತೊಂದರೆಯಾಗದು ಎಂದು ಆಯುಧಪೂಜೆಯ ಭಾನುವಾರವನ್ನೇ ಆರಿಸಿದ್ದೆ. ದೊಡ್ಡ ಬುದ್ಧಿವಂತೆ! ಮಾಲೀಕರಾದ ನರಸಿಂಹಯ್ಯನವರು ತಾರೀಖು ನೋಡಿದವರೇ, "ಪೂಜೆ ಮಾಡಿದ್ ಮೆಷಿನ್ನ ಅವತ್ತು ಮುಟ್ಟಂಗಿಲ್ಲ ಕಣಮ್ಮ. ಸರ್ವರ್ರೂ ಅಷ್ಟೇ" ಅಂದರು. ಮೂಲೆಯ ಕೋಣೆಗೆ ಕರೆದೊಯ್ದು ತೋರಿಸಿದರು. ಸರ್ವರ್ ಮೈಮೇಲೆ ವರ್ಷವರ್ಷದ ಕುಂಕುಮ ಪದರುಗಟ್ಟಿದೆ. ಅಮ್ಮ ನನ್ನ ಸ್ಕೂಟಿಗೂ ಹೀಗೇ ಇಡುತ್ತಾಳೆ. ಅವತ್ತು ಕೀ ಕೂಡ ಕೊಡುವುದಿಲ್ಲ. ನನಗೆ ಇದು ಹೊಳೆಯಲೇ ಇಲ್ಲವಲ್ಲ!

ಹಾಗಾದರೆ ಮರುದಿನ ವಿಜಯದಶಮಿಗೆ ಶುರು ಮಾಡೋಣ ಅಂದೆ. ಅವರ ಮುಖ ಅರಳಿತು. ಒಪ್ಪಿಕೊಂಡು, ಕಾಫಿ ತರಿಸಿದರು. ಅರ್ಧ ಕುಡಿದು ಕೇಳಿದರು: "ಅಲ್ಲಮ್ಮಾ, ಸರ್ವರ್ ಹೋದ್ಮೇಲೆ ಮುಂದಿನ್ ವರ್ಷ ಕುಂಕುಮ ಯಾವುದಕ್ಕೆ ಇಡೋದು?"

ನನ್ನ ಸ್ಲೈಡ್‌ಗಳನ್ನು ಮೊದಲಿಂದ ಕೊನೆವರೆಗೆ ಒಮ್ಮೆ ತಿರುವಿ ನೋಡಿದೆ.

ಕೊನೆಗೆ ಅವರೇ ದಾರಿ ಕಂಡುಕೊಂಡರು. "ಪೂಜೆಗೆ ನೀವೇ ಬಂದ್ಬಿಡಿ. ನಿಮ್ಗೇ ಕುಂಕುಮ ಕೊಡ್ತೀವಿ. ನಮ್ ಮೇಲ್ ಎಲ್ಲೈತೆ ಅಂತ ಗೊತ್ತಿರೋದು ನಿಮಗೊಬ್ರಿಗೇ ಅಲ್ವಾ?"

ಬರ್ತೀನಿ ಸಾರ್ ಅಂದೆ. ಗೊರಗುಂಟೆಪಾಳ್ಯದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗಲೂ ಒಬ್ಬಳೇ ನಗುತ್ತಿದ್ದೆ. ಆ ಮೇಲ್‌ಗಳು ಸಿಂಗಪುರದಲ್ಲಿರುತ್ತವೋ, ಇನ್ನೆಲ್ಲೋ. ನನಗೂ ಗೊತ್ತಿಲ್ಲ ಎಂದು ಅವರಿಗೆ ಹೇಳಲು ಮನಸ್ಸೇ ಬರಲಿಲ್ಲ.