ನಾಲ್ಕನೆಯ ಮೇಣದಬತ್ತಿ

ಮಗಳೇ,

ಹೊಲಿಗೆ ಅಂಗಡಿ ಮುಚ್ಚಿದ ಮೇಲೆ ನನ್ನ ಕೈ ಸುಮ್ಮನಿರುವುದಿಲ್ಲ. ನಿನ್ನ ಅಕ್ಕ, ಅಣ್ಣ, ತಮ್ಮನಿಗೆ ಉಡುಗೊರೆಗೆಂದು ಗಾಜಿನ ಲೋಟಗಳಲ್ಲಿ ಮೂರು ಮೇಣದಬತ್ತಿ ಎರೆದೆ. ಅಳತೆ ತಪ್ಪಿ ಮೇಣ ಉಳಿಯಿತು, ನಾಲ್ಕನೆಯದೂ ಆಯಿತು. “ಬತ್ತಿ ಮೊದಲೇ ನಾಲ್ಕು ಕತ್ತರಿಸಿಟ್ಟಿದ್ರಲ್ಲ, ಅದೂ ಅಳತೆ ತಪ್ಪಿದ್ದಾ?” ಎಂದಳು ನಿಮ್ಮಮ್ಮ. ಅವಳಿಗೆ ಬೇರೆ ಕೆಲಸವಿಲ್ಲ.

ಅದನ್ನು ಅಣ್ಣನ ಕೈಯಲ್ಲಿ ಕಳಿಸಿದ್ದೇನೆ. ಹಚ್ಚುವ ಮುಂಚೆ ಬತ್ತಿಯ ತುದಿ ಕತ್ತರಿಸು, ಇಲ್ಲದಿದ್ದರೆ ಮಸಿ ಹಿಡಿಯುತ್ತದೆ.

ಆ ಹುಡುಗನನ್ನು ಕಟ್ಟಿಕೊಂಡರೆ ಈ ಮನೆ ಮೆಟ್ಟಿಲು ಹತ್ತಬೇಡ ಎಂದದ್ದು ನನಗೂ ನೆನಪಿದೆ. ಆದರೆ ಮೇಣ ಉರಿದ ಮೇಲೆ ಲೋಟ ವಾಪಸು ಬೇಕು, ಅದು ಆರರ ಸೆಟ್ಟು. ಅಂಚೆಯಲ್ಲಿ ಹಾಕಬೇಡ, ಒಡೆಯುತ್ತದೆ, ನೀನೇ ತಾ. ನಿನ್ನ ಕೈಯಿಂದ ಲೋಟ ಜಾರುವುದು ಹೊಸದಲ್ಲ. ಹಿಡಿದುಕೊಳ್ಳಲು ಅಳಿಯಂದಿರನ್ನೂ ಕರೆದುಕೊಂಡು ಬಾ.

ನಿನ್ನ ಅಪ್ಪ