ನೊಣಕ್ಕೆ ಕೊಟ್ಟ ಬೇರು

ಜೂನ್ ೯, ಸೋಮವಾರ. ಬಾಗಲಕೋಟೆ

ಮತ್ತೆ ರವೆ-ಬೆಲ್ಲ ಕುದಿಸಿ ಬಾಟಲಿಗಳಿಗೆ ಸುರಿದೆ. ಈ ಲ್ಯಾಬಿನಲ್ಲಿ ಹಣ್ಣಿನ ನೊಣಗಳಿಗೆ ಅಡುಗೆ ಮಾಡಿದಷ್ಟು ಮನೆಯಲ್ಲಿ ಎಂದೂ ಮಾಡಿಲ್ಲ. ಅರ್ಧ ಬಾಟಲಿಗಳಿಗೆ ಅಬ್ಬಾನ ಬೇರಿನ ಪುಡಿ— ಬಾದಾಮಿ ಗುಡ್ಡದ್ದು. ಮಕ್ಕಳಾಗದ ಹೆಂಗಸರಿಗೆ ಇಳಕಲ್ಲಿನ ನಮ್ಮ ಮನೆಯಲ್ಲಿ ಕೊಡುತ್ತಾರೆ, ಅಜ್ಜನ ಕಾಲದಿಂದ. ಗೈಡ್ ಮಹಾನಂದಾ ಮೇಡಂ ಒಪ್ಪಿದ್ದೇ ದೊಡ್ಡದು.

ಜೂನ್ ೨೭

ರಿಸಲ್ಟ್ ಬಂತು! ಬೇರು ತಿಂದ ಹೆಣ್ಣು ನೊಣಗಳಲ್ಲಿ ಮೊಟ್ಟೆ ಕಟ್ಟುವ ಜೀನ್ ಜೋರಾಗಿದೆ. ಮೊಟ್ಟೆಯೂ ಹೆಚ್ಚು.

"ಗೌಸಿಯಾ, ಒಂದ ಡೋಸ್ ನೋಡಿ ಹಿಗ್ಗಬ್ಯಾಡ. ಡಬಲ್ ಹಾಕಿ ನೋಡು" ಅಂದರು ಮೇಡಂ. ಇವರ ಬಾಯಲ್ಲಿ ಒಂದು ಒಳ್ಳೆಯ ಮಾತು ಬರಬಾರದೆ?

ಮನೆಗೆ ಫೋನ್ ಮಾಡಿ ಹೇಳಿಯೇಬಿಟ್ಟೆ. ಅಬ್ಬಾ ಅತ್ತರು. ಅರ್ಜು ಭಾಭಿ ಫೋನ್ ಕಸಿದುಕೊಂಡಳು.

"ಖರೇನಾ? ಮಷೀನಿನಾಗ ಕಂಡೈತಾ?"

"ಖರೆ ಭಾಭಿ. ಬಿಡಬ್ಯಾಡ, ಕುಡಿ."

ಭಾಭಿಗೆ ಮದುವೆಯಾಗಿ ಆರು ವರ್ಷ, ಮಕ್ಕಳಾಗಿಲ್ಲ; ಅವಳೂ ಇದೇ ಬೇರು ಕುಡಿಯುತ್ತಾಳೆ. ನಯೀಮ ಅಣ್ಣನಿಗೆ ಅಮ್ಮಿ ಹುನಗುಂದದಲ್ಲಿ ಇನ್ನೊಂದು ಹೆಣ್ಣು ನೋಡಿಟ್ಟಿದ್ದಾಳೆ. ಈ ವರ್ಷ ಕಾಯುತ್ತಾಳಂತೆ, ಅಷ್ಟೇ.

ಆಗಸ್ಟ್ ೨

ಡಬಲ್ ಡೋಸಿನ ಬಾಟಲಿಗಳು. ನೊಣಗಳು ಗಟ್ಟಿಮುಟ್ಟಾಗಿವೆ. ಮೊಟ್ಟೆ ಇಲ್ಲ... ಆಹಾರ ಕೆಟ್ಟಿರಬೇಕು. ಮತ್ತೆ ಹಾಕಬೇಕು.

ಆಗಸ್ಟ್ ೨೯

ಆಹಾರ ಕೆಟ್ಟಿಲ್ಲ. ಪಿಸಿಆರ್ ಕೂಡ ಅದನ್ನೇ ಹೇಳುತ್ತದೆ— ಡಬಲ್ ಡೋಸಿಗೆ ಆ ಜೀನ್ ಬಹುತೇಕ ಬಂದ್. ಸೀಳಿ ನೋಡಿದೆ. ಅಂಡಾಶಯ ಮುದುಡಿದೆ. ಅತಿಯಾದರೆ ಅಮೃತವೂ ವಿಷ.

"ಮನುಷ್ಯಾರಿಗೂ ಹಿಂಗ ಆಗತೈತಿ ಅಂತ ಹೇಳಾಕ ಬರೂದಿಲ್ಲ" ಅಂದರು ಮೇಡಂ. ಗೊತ್ತು. ಹಾಗಾದರೆ ಭಾಭಿಗೆ ನಾನು ಯಾವ ಬಾಯಲ್ಲಿ ಹೇಳಿದೆ? ಮನೆಗೆ ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ. ನಾಳೆ ಮೊದಲ ಬಸ್ಸಿಗೆ ಊರಿಗೆ. ಭಯವಾಗುತ್ತಿದೆ.

ಆಗಸ್ಟ್ ೩೦, ಇಳಕಲ್

ಅಬ್ಬಾ ನಕ್ಕರು. "ನೊಣದ ಮಾತು ಕೇಳಿ ಔಷಧ ಬಿಡಬೇಕೇನವಾ?"

"ಭಾಭಿಗೆ ಎಷ್ಟು ಕೊಡ್ತೀರಿ?"

"ಮೊದಲ ಒಂದ ಚಮಚಾ. ನೀ ಫೋನ್ ಮಾಡಿದ ಮ್ಯಾಲ ಮೂರು. ಮಷೀನ ಹೂಂ ಅಂದಮ್ಯಾಲ ಕಂಜೂಸತನ ಯಾಕ?"

ಅಡುಗೆಮನೆಗೆ ಓಡಿದೆ. ನಾನು ಬಾಯಿ ತೆರೆಯುವ ಮೊದಲೇ ಭಾಭಿ ಕೈ ಹಿಡಿದು ಪಿಸುಗುಟ್ಟಿದಳು. "ಎರಡ ತಿಂಗಳಾತು, ಮುಟ್ಟ ಆಗಿಲ್ಲ. ನಿನಗ ಮೊದಲ ಹೇಳಬೇಕಂತ ಕಾದೇನಿ. ನಿನ್ನ ಪುಣ್ಯಾ."

ಅವಳ ಇನ್ನೊಂದು ಕೈಯಲ್ಲಿ ಬೇರಿನ ಲೋಟವಿತ್ತು. ಕಸಿದು ಚೆಲ್ಲಿದೆ. ಕೈ ಜಾರಿತು ಅಂದೆ.

ಆಗಸ್ಟ್ ೩೧, ಬೆಳಿಗ್ಗೆ

ಟೆಸ್ಟ್ ಕಿಟ್ ತಂದೆ. ಒಂದೇ ಗೆರೆ. ಇನ್ನೊಂದು ತಂದೆ. ಒಂದೇ ಗೆರೆ. ಬಸಿರಲ್ಲ. ಮುಟ್ಟು ನಿಲ್ಲಿಸಿದ್ದು ಆ ಮೂರು ಚಮಚವೇ ಇರಬೇಕು.

ಗೆರೆಯ ಅರ್ಥ ಭಾಭಿಗೆ ಗೊತ್ತಿಲ್ಲ. ಕೋಣೆಯಲ್ಲಿ ನಗುತ್ತ ಕಾಯುತ್ತಿದ್ದಾಳೆ. ಪಡಸಾಲೆಯಲ್ಲಿ ಅಮ್ಮಿಗೆ ಮುಟ್ಟು ನಿಂತ ಸುಳಿವು ಹತ್ತಿದೆ, ಬಾಯಿ ಸಿಹಿ ಮಾಡಲು ಸಕ್ಕರೆ ಡಬ್ಬಿ ಹಿಡಿದು ಕೂತಿದ್ದಾಳೆ. ಭಾಭಿ ಕರೆಯುತ್ತಿದ್ದಾಳೆ. ಹೋಗಬೇಕು. ಹೋಗಿ—