ನಾನು ಹಾಕಿದ ತಪ್ಪುಕಾಣಿಕೆ

ಮುತ್ತಿನಕೊಪ್ಪ
೨೩-೧೧-೨೦೨೫, ಭಾನುವಾರ

ಮಗಳು ನಿಶ್ಚಿತಾಳಿಗೆ ಅಪ್ಪನ ಆಶೀರ್ವಾದ.

ಎಲ್ಲರೂ ಬರೆಯುವಂತೆ ‘ನಾನಿಲ್ಲಿ ಕ್ಷೇಮ’ ಎಂದು ಬರೆದು ಹೊಡೆದುಹಾಕಿದ್ದೇನೆ. ಮೇಲೆ ಗೀಚಿದ ಹಾಗೆ ಕಾಣುವುದು ಅದೇ. ಬೇರೆ ಹಾಳೆ ತೆಗೆದುಕೊಳ್ಳಬಹುದಿತ್ತು. ಆದರೆ ಹೊಸ ಹಾಳೆಯಲ್ಲಿ ಮತ್ತೆ ಅದನ್ನೇ ಬರೆದುಬಿಟ್ಟೇನು ಎಂದು ಭಯವಾಯಿತು. ನನಗೆ ಈಚೆಗೆ ಯಾವುದಕ್ಕೆ ಭಯವಾಗುತ್ತದೆ, ಯಾವುದಕ್ಕೆ ಆಗುವುದಿಲ್ಲ ಎಂಬುದಕ್ಕೆ ಲೆಕ್ಕವಿಲ್ಲ ಮಗಾ.

ಶಿವಮೊಗ್ಗದಲ್ಲಿ ಬಿ.ಎ. ಎರಡನೇ ವರ್ಷಕ್ಕೇ ಬಿಟ್ಟು ಬಂದವನು ನಾನು. ಇಂಗ್ಲಿಷ್ ಎಲ್ಲ ಸೋರಿಹೋಗಿದೆ. ರಜೆ ಅರ್ಜಿ ಬರೆಯಲು ಕಲಿಸಿದ್ದು ಮಾತ್ರ ನೆನಪಿದೆ. ‘ಐ ಬೆಗ್ ಟು ಸ್ಟೇಟ್ ದಟ್’ ಎಂದು ಶುರು ಮಾಡಬೇಕು. ಆಮೇಲೆ ಏನು ಹೇಳುವುದಿದ್ದರೂ ಹೇಳಿಬಿಡಬಹುದು, ಸುತ್ತು ಬಳಸು ಬೇಡ. ಹಾಗೇ ಶುರು ಮಾಡುತ್ತೇನೆ. ಐ ಬೆಗ್ ಟು ಸ್ಟೇಟ್ ದಟ್, ನಿನ್ನ ಕಾಗದಗಳು ಕಳೆದುಹೋಗಿಲ್ಲ. ನಾನೇ ಬಚ್ಚಿಟ್ಟಿದ್ದೆ.

ಆಗಸ್ಟಿನಲ್ಲಿ ನೀನು ಕೇಳಿದೆ. ಜನನ ಪತ್ರ, ಪಿಯುಸಿ ಮಾರ್ಕ್ಸ್ ಕಾರ್ಡು, ದೆಹಲಿಯಲ್ಲಿ ಸೀಲು ಹೊಡೆಸಿದ ಆ ಕಾಗದ, ಮೂರೂ ಅಸಲೇ ಬೇಕು, ಇಲ್ಲಿ ವಿನ್ನಿತ್ಸಾದ ಆಸ್ಪತ್ರೆಯಲ್ಲಿ ಇನ್ನೆರಡು ವರ್ಷ ಕೆಲಸಕ್ಕೆ ಇರಲು ಅನುಮತಿಗೆ ಬೇಕು, ಡಿಸೆಂಬರ್ ಒಳಗೆ ಕೊಡದಿದ್ದರೆ ಜನವರಿಗೆ ಊರಿಗೆ ಹೊರಡಬೇಕಾಗುತ್ತದೆ ಎಂದೆ. ನಾನು ಕೊಪ್ಪದ ಬಸ್ಸಿನಲ್ಲಿ ಚೀಲ ಕಳೆದುಹೋಯಿತು ಎಂದೆ. ಹೇಳುತ್ತ ಅತ್ತೂ ಬಿಟ್ಟೆ. ಅಳು ಸುಳ್ಳಲ್ಲ, ಕಾರಣ ಬೇರೆ ಅಷ್ಟೆ. ನೀನು “ಹೋಗ್ಲಿ ಬಿಡಪ್ಪ, ನೀನು ಬಸ್ಸಲ್ಲಿ ಬಿದ್ದುಗಿದ್ದು ಮಾಡ್ಕೊಳ್ಳಿಲ್ಲ ಅಲ್ಲ” ಎಂದು ನನ್ನನ್ನೇ ಸಮಾಧಾನ ಮಾಡಿದೆ. ಆಗ ಆ ಮೂರೂ ಕಾಗದ ನಿನ್ನ ಅಮ್ಮನ ಸೀರೆ ಟ್ರಂಕಿನಲ್ಲಿ, ಅವಳ ಧಾರೆ ಸೀರೆಯ ಮಡಿಕೆಯೊಳಗೆ ಇದ್ದವು. ಕುಸುಮಾ ಇದ್ದಿದ್ದರೆ ನನಗೆ ಆ ಟ್ರಂಕು ಮುಟ್ಟಲು ಬಿಡುತ್ತಿರಲಿಲ್ಲ.

ಯಾಕೆ ಎಂದು ಕೇಳಬೇಡ, ನಿನಗೆ ಗೊತ್ತು. ಜುಲೈಯಲ್ಲಿ ಒಂದು ಮಧ್ಯಾಹ್ನ ನೀನು ವಿಡಿಯೋದಲ್ಲಿ ಅನ್ನ ತೋರಿಸುತ್ತಿದ್ದಾಗ ಬಾಂಬು ಬರುತ್ತದೆ ಎನ್ನುವ ಆ ಸೈರನ್ ಶುರುವಾಯಿತು. ನೀನು ಫೋನು ಹಿಡಿದುಕೊಂಡೇ ಮೆಟ್ಟಿಲು ಇಳಿದೆ. ಚಿತ್ರ ನಿನ್ನ ಚಪ್ಪಲಿಯ ಮೇಲೆ ನಿಂತುಬಿಟ್ಟಿತು. ನಲವತ್ತು ನಿಮಿಷ ನಾನು ಆ ಚಪ್ಪಲಿಯನ್ನೇ ನೋಡುತ್ತ ಕೂತಿದ್ದೆ. ಆಮೇಲೆ ನೀನು “ಏನಿಲ್ಲಪ್ಪ, ದಿನಾ ಇದ್ದಿದ್ದೇ” ಎಂದೆ. ಆ ‘ದಿನಾ’ ಎಂಬ ಮಾತು ಇನ್ನೂ ಕಿವಿಯಲ್ಲಿದೆ.

ಆಮೇಲೆ ನನಗೆ ಒಂದೇ ಯೋಚನೆ. ಯುದ್ಧ ನಿಲ್ಲಬೇಕು, ಹೇಗಾದರೂ ನಿಲ್ಲಬೇಕು. ಲೈಬ್ರರಿಗೆ ಬರುವವರೆಲ್ಲ ಪೇಪರು ಮಡಿಸಿಟ್ಟು ನನ್ನನ್ನೇ ಕೇಳುವುದು, “ಮಂಜಪ್ಪಣ್ಣ, ನಿಮ್ಮ ಹುಡುಗಿ ದೇಶದ ಗಲಾಟೆ ಯಾವಾಗ ಮುಗೀತದೆ?” ಅಲ್ಲಿಯ ಮಂತ್ರಿಗಳೆಲ್ಲ ನನಗೆ ಫೋನು ಮಾಡಿ ಹೇಳುತ್ತಾರೆ ಎನ್ನುವ ಹಾಗೆ. ನಾನೂ ಹೇಳುತ್ತಿದ್ದೆ. ಹಿಡಿದ ಜಾಗ ಹಿಡಿದವನಿಗೇ ಬಿಟ್ಟು ಸಹಿ ಹಾಕಿಬಿಟ್ಟರೆ ನಾಳೆಯೇ ಮುಗಿಯುತ್ತದೆ ಎಂದು. ‘ಪೀಸ್ ಟ್ರೀಟಿ’ ಎಂದು ಇಂಗ್ಲಿಷಿನಲ್ಲೂ ಹೇಳುತ್ತಿದ್ದೆ.

ಅದನ್ನೇ ಸೆಪ್ಟೆಂಬರಿನಲ್ಲಿ ನಿನ್ನ ಮನೆಯ ಒಡತಿ ಹಾಲಿನಾ ಅವರಿಗೂ ಹೇಳಿಬಿಟ್ಟೆ. ನೀನು ಟೀ ಮಾಡಲು ಎದ್ದು ಹೋಗಿದ್ದೆ, ಫೋನು ಅವರ ಮುಂದಿತ್ತು. “ಮೇಡಂ, ಗಿವ್ ಸಮ್ ಲ್ಯಾಂಡ್. ಲೈಫ್ ಈಸ್ ಇಂಪಾರ್ಟೆಂಟ್” ಎಂದೆ. ಅವರ ಹುಟ್ಟೂರು ಆ ಕಡೆಯ ಸೈನ್ಯದ ಕೈಯಲ್ಲಿದೆ, ತಮ್ಮ ಎಲ್ಲಿದ್ದಾನೆಂದು ಗೊತ್ತಿಲ್ಲ ಎಂದು ನೀನು ಹೇಳಿದ್ದು ಬಾಯಿಬಿಟ್ಟ ಮೇಲೆ ನೆನಪಾಯಿತು. ಅವರು ಸಿಟ್ಟಾಗಲಿಲ್ಲ. ನೀನು ಬಂದ ಮೇಲೆ ನಿನ್ನ ಕೈಲಿ ಒಂದೇ ಮಾತು ಕೇಳಿಸಿದರು. ಮೊದಲ ಸಲ ನಮ್ಮ ಜಾಗ ಹಿಡಿದಾಗಲೂ ಎಲ್ಲರೂ ನಮಗೆ ಸುಮ್ಮನಿರಿ ಎಂದರು, ಸುಮ್ಮನಿದ್ದೆವು, ಹಿಡಿದವರು ಆಮೇಲೆ ಮತ್ತೆ ಬಂದರು. ನಿಮ್ಮ ಕಡೆ ಕಿತ್ತುಕೊಂಡವನು, ಕಿತ್ತುಕೊಂಡೆ ಎಂದು ಒಪ್ಪದೆಯೇ ರಾಜಿಯಾಗುತ್ತದೆಯೇ?

ನಾನು ನೆಟ್‌ವರ್ಕ್ ಇಲ್ಲ ಎಂದು ಫೋನು ಇಟ್ಟೆ. ನೆಟ್‌ವರ್ಕ್ ಚೆನ್ನಾಗಿಯೇ ಇತ್ತು.

ಯಾಕೆಂದರೆ ನಮ್ಮ ಕಡೆಯೂ ಆಗಿದೆ. ನನ್ನ ಕೈಯಿಂದಲೇ ಆಗಿದೆ. ನಿನಗೆ ಹೇಳಿಲ್ಲ. ಈಗ ಹೇಳುತ್ತೇನೆ. ಹಾಲಿನಾ ಅವರಿಗೂ ಓದಿ ಹೇಳು, ಅವರಿಗಾಗಿ ನಿನಗೆ ಗೊತ್ತಿರುವುದನ್ನೂ ಬಿಡಿಸಿ ಬರೆಯುತ್ತೇನೆ.

ನಮ್ಮ ಕೆಳಗಿನ ಗದ್ದೆಗೂ ಪಕ್ಕದ ಲೋಕೇಶನ ಗದ್ದೆಗೂ ನಡುವೆ ಗಡಿಯ ಅಗಳು, ಆ ಉದ್ದನೆಯ ಕಂದಕ, ಇತ್ತಲ್ಲ, ನೀನು ಚಿಕ್ಕವಳಿದ್ದಾಗ ಏಡಿ ಹಿಡಿಯಲು ಇಳಿಯುತ್ತಿದ್ದೆ, ಅದು. ಹೋದ ವರ್ಷ ಮಾರ್ಚಿನಲ್ಲಿ ಒಂದು ಬೆಳಿಗ್ಗೆ ಲೋಕೇಶ ಜೆಸಿಬಿ ತಂದು ಅದನ್ನು ಮುಚ್ಚಿಸಿ, ನಮ್ಮ ಗದ್ದೆಯೊಳಗೆ ಹನ್ನೆರಡು ಅಡಿ ಈಚೆಗೆ ಹೊಸ ಅಗಳು ತೋಡಿಸಿದ. ಜೊತೆಗೆ ಆರು ಜನ. ನಾನು ಓಡಿ ಹೋಗಿ ಕೈ ಅಡ್ಡ ಹಿಡಿದೆ. ಅವನು ಗಟ್ಟಿಯಾಗಿ ಮಾತೂ ಆಡಲಿಲ್ಲ. “ಮಂಜಪ್ಪಣ್ಣ, ನಿಮ್ಮ ಮಗಳು ಬರೋದು ಇದೇ ದಾರೀಲಿ ಅಲ್ವಾ?” ಎಂದ. ಅಷ್ಟೇ. ಅದಕ್ಕೆ ಅರ್ಥ ಇತ್ತೋ ಇಲ್ಲವೋ ಈಗಲೂ ತಿಳಿಯದು. ನನ್ನ ಕೈ ತಾನಾಗಿ ಕೆಳಗಿಳಿಯಿತು.

ಮೂರು ತಿಂಗಳು ಅವರ ಮನೆಗೂ ನಮ್ಮ ಮನೆಗೂ ಮಾತಿಲ್ಲ. ಯಾರು ರಾಜಿ ಮಾಡಿಸುತ್ತಾರೆ ಎಂದರೆ, ನಮ್ಮಲ್ಲಿ ಬನದ ದೇವರ ಮುಂದೆ ಹೋಗುವುದು ತಾನೆ. ತಪ್ಪು ಮಾಡಿದವನು ಹರಿವಾಣಕ್ಕೆ ತಪ್ಪುಕಾಣಿಕೆ ಹಾಕಬೇಕು. ಏನು ಮಾಡಿದೆ ಎಂದು ಎಲ್ಲರಿಗೂ ಕೇಳುವ ಹಾಗೆ ಬಾಯಿಬಿಟ್ಟು ಹೇಳಬೇಕು. ಆಮೇಲೆ ಇಬ್ಬರೂ ಒಂದೇ ತಂಬಿಗೆಯ ನೀರು ಕುಡಿಯಬೇಕು. ನೀರು ಕುಡಿದ ಮೇಲೆ ಆ ವಿಷಯ ಮುಗಿಯಿತು, ಮತ್ತೆ ಎತ್ತುವ ಹಾಗಿಲ್ಲ.

ಊರವರ ಜೊತೆ ಇಬ್ಬರೂ ಬನಕ್ಕೆ ಹೋದೆವು. ಲೋಕೇಶ ಕಾಣಿಕೆ ಹಾಕಲಿಲ್ಲ. ಕೈ ಕಟ್ಟಿ ನಿಂತ. ಹೊತ್ತು ಹೋಗುತ್ತಿತ್ತು. ಬನದ ಪೂಜೆ ಮಾಡುವ ಬೂತಪ್ಪ ಒಮ್ಮೆ ಅವನ ಮುಖ, ಒಮ್ಮೆ ನನ್ನ ಮುಖ ನೋಡಿದ. ಆಗ ನಾನು ಏನು ಮಾಡಿದೆ ಗೊತ್ತೇ? ಜೇಬಿನಿಂದ ನೋಟು ತೆಗೆದು ನಾನೇ ಹರಿವಾಣಕ್ಕೆ ಹಾಕಿ, “ತಪ್ಪಾಯ್ತು” ಎಂದೆ. ಏನು ತಪ್ಪು ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆ, ನನ್ನ ಗದ್ದೆ ಇವನ ಗದ್ದೆಯ ಪಕ್ಕದಲ್ಲಿದ್ದದ್ದು ತಪ್ಪು ಎನ್ನಬೇಕಾಗಿತ್ತು. ಲೋಕೇಶ ತಂಬಿಗೆ ಎತ್ತಿ ಗಟಗಟ ಕುಡಿದ. ನಾನೂ ಕುಡಿದೆ. “ದೊಡ್ಡ ಮನಸ್ಸು ಮಾರಾಯ ನಿಂದು” ಎಂದು ಎಲ್ಲರೂ ಬೆನ್ನು ತಟ್ಟಿದರು. ಮನೆಗೆ ಬಂದು ಚೆನ್ನಾಗಿ ನಿದ್ದೆ ಮಾಡಿದೆ ಮಗಾ, ಸುಳ್ಳು ಹೇಳುವುದಿಲ್ಲ. ನಿನಗೆ ಫೋನಿನಲ್ಲಿ, ದಾರಿ ಅಗಲ ಮಾಡಲು ಸ್ವಲ್ಪ ಜಾಗ ಬಿಟ್ಟುಕೊಟ್ಟೆ ಎಂದೆ.

ಆ ನಿದ್ದೆ ಹದಿನಾರು ತಿಂಗಳು ಬಂತು. ಈ ಅಕ್ಟೋಬರಿನಲ್ಲಿ, ಭತ್ತ ತೆನೆ ಬಿಟ್ಟು ಬಾಗಿದ್ದಾಗ, ಅವನು ಮತ್ತೆ ಮಿಷನ್ ತಂದ. ಹಸಿರು ತೆನೆಯ ಮೇಲೇ ಹತ್ತಿಸಿದ. ಈ ಸಲ ಬಾವಿಯ ಈಚೆಗೆ ಅಗಳು ತೋಡಿಸಿದ್ದಾನೆ. ಈಗ ನಮ್ಮ ಬಾವಿ ಅವನ ಕಡೆಗಿದೆ. ಕೊಡ ಹಿಡಿದು ಹೋದರೆ ನೀರು ಕೊಡುತ್ತಾನೆ, ಬೇಡ ಎನ್ನುವುದಿಲ್ಲ. “ತಗೊಂಡ್ಹೋಗಿ ಮಂಜಪ್ಪಣ್ಣ, ನೀವೇನು ಹೊರಗಿನವ್ರಾ?” ಎನ್ನುತ್ತಾನೆ. ನನ್ನ ಅಪ್ಪ ತೋಡಿದ ಬಾವಿಗೆ ನಾನು ಅವನ ಹತ್ತಿರ ‘ಥ್ಯಾಂಕ್ಸ್’ ಹೇಳಿ ಬರುತ್ತೇನೆ. ಮಿಷನ್ನು ಇನ್ನೂ ಹೋಗಿಲ್ಲ. ಗದ್ದೆಯಲ್ಲೇ ನಿಂತಿದೆ, ಬಕೆಟ್ಟಿನ ಹಲ್ಲು ನಮ್ಮ ಮನೆಯ ಕಡೆಗೆ ತಿರುಗಿಸಿ. ಹಗಲಲ್ಲೇ ಬಾಗಿಲಿಗೆ ಚಿಲಕ ಹಾಕಿಕೊಂಡು ಕೂರುತ್ತೇನೆ. ಚಿಲಕ ಹಾಕಿದ ಮೇಲೆ ಕಿಟಕಿಯಿಂದ ನೋಡುತ್ತೇನೆ, ಅದು ಒಂದು ಅಡಿ ಮುಂದೆ ಬಂದಿದೆಯೋ ಎಂದು.

ಹಾಲಿನಾ ಅವರ ಪ್ರಶ್ನೆ ಆಮೇಲೆ ನನ್ನನ್ನು ಬಿಡಲಿಲ್ಲ. ಹೋದ ಮಂಗಳವಾರ, ಪೂಜೆಗೆ ಜನ ಸೇರುವ ಹೊತ್ತಿಗೆ ಬನಕ್ಕೆ ಹೋದೆ. ಹೋಗುವ ಮೊದಲು ಎರಡು ಸಲ ವಾಂತಿಯಾಯಿತು, ಅದನ್ನು ಅವರಿಗೆ ಓದಬೇಡ. ಲೋಕೇಶ, ಅವನ ಅಮ್ಮ ತುಂಗಮ್ಮ, ಊರಿನ ಹತ್ತಿಪ್ಪತ್ತು ಜನ ಇದ್ದರು. ನಾನು ಅಂದು ಹಾಕಿದ ಕಾಣಿಕೆ ವಾಪಸ್ ತೆಗೆದುಕೊಳ್ಳಲು ಬಂದಿದ್ದೇನೆ ಎಂದೆ. ಎಲ್ಲ ನಕ್ಕರು. ಬೂತಪ್ಪನೂ ನಕ್ಕ. “ಹುಂಡಿಗೆ ಬಿದ್ದಿದ್ದು ವಾಪಸ್ ಕೇಳೋನು ನೀನೊಬ್ನೇ ಕಣ ಮಾರಾಯ. ದೇವ್ರ ಹತ್ರ ಚಿಲ್ರೆ ಇಲ್ಲ” ಎಂದ.

ದುಡ್ಡು ಬೇಡ ಬೂತಪ್ಪ, ನಾನು ಆಡಿದ ಮಾತು ವಾಪಸ್ ಕೊಡು ಎಂದೆ. ತಪ್ಪು ನನ್ನದಲ್ಲ. ಹೆದರಿ ಹೇಳಿದೆ. ದೇವರ ಮುಂದೆ ಸುಳ್ಳು ಹೇಳಿದ್ದು ಮಾತ್ರ ನನ್ನ ತಪ್ಪು, ಅದಕ್ಕೆ ಬೇಕಾದರೆ ಬೇರೆ ಕಾಣಿಕೆ ಹಾಕುತ್ತೇನೆ ಎಂದೆ. ಧ್ವನಿ ಹೆಂಗಸರ ಹಾಗೆ ಕಿರಿದಾಗಿ ಬಂತು, ಆದರೆ ಬಂತು. ನಗು ನಿಂತಿತು.

ಲೋಕೇಶ, “ನೀರು ಕುಡಿದು ಮುಗ್ಸಿದ ವಿಷಯ ಇದು. ನಿಮಗೆ ವಯಸ್ಸಾಯ್ತು, ಮನೇಲಿ ಕೂತ್ಕೊಳ್ಳಿ” ಎಂದ. ಆಗ ಯಾರೂ ಎಣಿಸದ ಹಾಗೆ ತುಂಗಮ್ಮ ಬಾಯಿಬಿಟ್ಟರು. ಮಗನ ಮುಖ ನೋಡದೆ, ಹರಿವಾಣ ನೋಡುತ್ತ, “ಅದೆಲ್ಲ ಇರ್ಲಿ. ತೋಡ್ಸಿದ್ದು ಹೌದೋ ಅಲ್ವೋ, ಅಷ್ಟು ಹೇಳು” ಎಂದರು. ಅವನು ಬೈಕು ಹತ್ತಿ ಹೋದ. ಬೂತಪ್ಪ ತಂಬಿಗೆಯ ನೀರನ್ನು ಗಿಡದ ಬುಡಕ್ಕೆ ಚೆಲ್ಲಿ, ಅಂದು ನೀರು ಕುಡಿದದ್ದು ಲೆಕ್ಕಕ್ಕಿಲ್ಲ, ರಾಜಿ ಮುರಿಯಿತು ಎಂದ. ಅಷ್ಟೇ ಆದದ್ದು. ನ್ಯಾಯವೇನೂ ಸಿಕ್ಕಿಲ್ಲ, ಬಾವಿ ಆ ಕಡೆಯೇ ಇದೆ. ಎನ್.ಆರ್. ಪುರದಲ್ಲಿ ಸರ್ವೆಗೆ ಅರ್ಜಿ ಕೊಟ್ಟಿದ್ದೇನೆ, ಡಿಸೆಂಬರಿನಲ್ಲಿ ಬರುತ್ತಾರಂತೆ. ಅಲ್ಲಿಯವರೆಗೆ ಏನಾಗುತ್ತದೋ. ಮೊದಲಿಗಿಂತ ಹೆಚ್ಚು ಹೆದರಿದ್ದೇನೆ. ಮೊದಲು ಹೆದರಿಕೆಯ ಜೊತೆಗೆ ನಿದ್ದೆ ಇತ್ತು, ಈಗ ಅದೂ ಇಲ್ಲ.

ಆ ದಿನ ಬನದಿಂದ ಬಂದು ಟ್ರಂಕು ತೆಗೆದೆ. ಲೋಕೇಶನ ಬಾಯಿಂದ ‘ತೋಡಿಸಿದೆ’ ಎಂಬ ಒಂದು ಮಾತು ಬರಲಿಲ್ಲವೆಂದು ಉರಿದು ಬಂದವನು ನಾನು. ಸೀರೆ ಬಿಚ್ಚಿದರೆ ನಿನ್ನ ಹೆಸರಿನ ಕಾಗದ. ಇದೇನು ಮತ್ತೆ? ನಿನ್ನದನ್ನು ಕಿತ್ತಿಟ್ಟುಕೊಂಡು, ಕಳೆದುಹೋಯಿತು ಎಂದು ಹೇಳಿ, ಜನವರಿಗೆ ನೀನು ಬಂದ ಮೇಲೆ ಹೋಳಿಗೆ ಮಾಡಿಸಿ ಬಡಿಸಬೇಕೆಂದಿದ್ದೆ. ನೀನು ಉಣ್ಣುತ್ತಿದ್ದೆ, ನಾನು ಎದುರಿಗೆ ಕೂತು ನೋಡುತ್ತಿದ್ದೆ, ಮನೆಯಲ್ಲಿ ಎಲ್ಲ ಶಾಂತವಾಗಿರುತ್ತಿತ್ತು.

ಕಾಲು ಹೋದವರಿಗೆ ನಡೆಯಲು ಕಲಿಸುವ ವಾರ್ಡಿನಲ್ಲಿ ನಿನಗೆ ಇಪ್ಪತ್ತಾರು ಜನ ಇದ್ದಾರೆ ಎಂದಿದ್ದೆ. ಒಬ್ಬ ಮೇಷ್ಟ್ರು ನಿನ್ನ ಹೆಗಲು ಹಿಡಿದು ಕಿಟಕಿಯವರೆಗೆ ನಡೆದರು ಎಂದು ಹೇಳುವಾಗ ನಿನ್ನ ಮುಖ ನೋಡಿದ್ದೆ. ನಾನು ಆ ಮಾತು ತಪ್ಪಿಸಿ ಅಲ್ಲಿ ಚಳಿ ಎಷ್ಟು ಎಂದು ಕೇಳಿದೆ.

ಆದ್ದರಿಂದ ಬಾಯಿಬಿಟ್ಟು ಹೇಳುತ್ತಿದ್ದೇನೆ. ನಿನ್ನ ಕಾಗದ ನಾನು ಬಚ್ಚಿಟ್ಟೆ. ನಿನ್ನನ್ನು ಹೇಳದೆ ಕೇಳದೆ ಮನೆಗೆ ಎಳೆದುಕೊಳ್ಳಲು ನೋಡಿದೆ. ತಪ್ಪು ನನ್ನದು. ನಿನ್ನ ಜೊತೆ ಓದಿದ ದಿವ್ಯ ರಜೆ ಮುಗಿಸಿ ಬುಧವಾರ ಶೃಂಗೇರಿಯಿಂದ ವಾಪಸ್ ನಿನ್ನ ಕಡೆಗೇ ಹೊರಡುತ್ತಾಳೆ, ನಾನೇ ಹೋಗಿ ಅವಳ ಕೈಗೆ ಕೊಡುತ್ತೇನೆ. ಮೂರೂ ಕಾಗದ ಇದರ ಜೊತೆಗಿದೆ. ಅಲ್ಲಿರುವುದೋ ಬರುವುದೋ ನಿನ್ನ ನಿರ್ಧಾರ. ಬಾ ಎಂದು ಬರೆಯಲು ಕೈ ತುರಿಸುತ್ತಿದೆ, ಬರೆಯುವುದಿಲ್ಲ.

ಹಾಲಿನಾ ಅವರಿಗೆ ‘ಸಾರಿ’ ಎಂದರೆ ಸಾಲದು. ಅವರ ಜಾಗ ಕೊಟ್ಟುಬಿಡಿ ಎನ್ನಲು ನನಗೆ ಯಾವ ಹಕ್ಕೂ ಇರಲಿಲ್ಲ ಎಂದು ಅವರ ಭಾಷೆಯಲ್ಲಿ ಸರಿಯಾಗಿ ಹೇಳು. ತಮ್ಮನ ಸುದ್ದಿ ಬಂದರೆ ನನಗೂ ತಿಳಿಸು.

ಸೈರನ್ ಆದರೆ ಕೆಲಸ ಬಿಟ್ಟು ಕೆಳಗಿಳಿ. ಚಪ್ಪಲಿ ಬೇಡ, ಶೂ ಹಾಕಿಕೋ.

ನಿನ್ನನ್ನು ನೆನೆದು ಕೂತಿರುವ,
ಅಪ್ಪ
ಮಂಜಪ್ಪ

ತಾ.ಕ.: ಬುಧವಾರ ಮಧ್ಯಾಹ್ನ. ಶೃಂಗೇರಿ, ದಿವ್ಯಳ ಮನೆಯ ಜಗಲಿ. ಕೊಟ್ಟ ಕವರನ್ನೇ ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ, ಈ ಪೆನ್ನು ಅವಳದು. ಮೂರೂ ಕಾಗದ ಇದೆ ಎಂದು ಮೇಲೆ ಬರೆದಿದ್ದೇನಲ್ಲ, ಬೆಳಿಗ್ಗೆ ಕವರು ಕೊಟ್ಟಾಗ ಅದು ಸುಳ್ಳಾಗಿತ್ತು. ಜನನ ಪತ್ರವನ್ನು ಅಂಗಿ ಜೇಬಿನಲ್ಲಿ ಇಟ್ಟುಕೊಂಡು ಕೊಪ್ಪದವರೆಗೆ ಹೋಗಿಬಿಟ್ಟಿದ್ದೆ. ಅಲ್ಲಿ ಎನ್.ಆರ್. ಪುರದ ಬಸ್ಸಿನಲ್ಲಿ ಕೂತು ಟಿಕೆಟ್ಟಿಗೆ ಕೈ ಹಾಕಿದಾಗ ಅದೇ ಕೈಗೆ ಬಂತು. ಇಳಿದು ವಾಪಸ್ ಬಂದೆ. ಬೆವರಿಗೆ ಒಂದು ಮೂಲೆ ಒದ್ದೆಯಾಗಿದೆ, ಹೆಸರು ಅಳಿಸಿಲ್ಲ. ದಿವ್ಯಳ ಅಮ್ಮ ಪ್ರೇಮಕ್ಕನಿಗೆ ಬಾಗಿಲಲ್ಲೇ ನಿಂತು ಎಲ್ಲ ಹೇಳಿ ಕಾಗದ ಕೊಟ್ಟೆ. ಅವರು ಒಳಗೆ ಹೋಗಿ, ದೇವರ ಫೋಟೋದ ಹಿಂದಿನಿಂದ ದಿವ್ಯಳ ಪಾಸ್‌ಪೋರ್ಟ್ ತೆಗೆದು ತಂದು ಅವಳ ಕೈಗಿಟ್ಟರು. ಬೆಳಿಗ್ಗೆಯಿಂದ ದಿವ್ಯ ಮನೆಯೆಲ್ಲ ಅದನ್ನೇ ಹುಡುಕುತ್ತಿದ್ದಳಂತೆ, ಪ್ರೇಮಕ್ಕನೂ ಜೊತೆಗೆ ಹುಡುಕುತ್ತಿದ್ದರಂತೆ.